ಒಲ್ಲದ ನಾಯಕಿಗೆ ಕೇಳಿದ ಪ್ರಶ್ನೆಗಳು

ತಮಿಳು ಸೀಮೆಯಲ್ಲಿ ನಾನು ಹುಟ್ಟಿ ಬೆಳೆದ ಕರುಮತ್ತಂಪಟ್ಟಿಯಲ್ಲಿ ಬೆಳಗಾದರೆ ಪವರ್‌ಲೂಮಿನ ಸದ್ದು. ಆ ಸದ್ದಿನಲ್ಲೇ ಉಣ್ಣುತ್ತಿದ್ದೆವು, ಜಗಳವಾಡುತ್ತಿದ್ದೆವು, ಪಾಠ ಬಾಯಿಪಾಠ ಮಾಡುತ್ತಿದ್ದೆವು. ಕರೆಂಟು ಹೋದಾಗ ಮಾತ್ರ ಬೀದಿಗೆ ಬೀದಿಯೇ ಮೌನವಾಗಿ, ಪಕ್ಕದ ಮನೆಯವರು ಕೆಮ್ಮಿದ್ದು ನಮ್ಮ ನಡುಮನೆಗೆ ಕೇಳುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕರೆಂಟು ಹೋಗುವುದು ದಿನದ ಮಾತಾಗಿತ್ತು. ದೊಡ್ಡವರು ಬೈದುಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದರು. ನಾವು ಮಕ್ಕಳು ಹಿಂದಿನ ಕೋಣೆಗೆ ಓಡುತ್ತಿದ್ದೆವು.

ಆ ಕೋಣೆಯಲ್ಲಿ ತಾತನ ಕಾಲದ ಕುಣಿಮಗ್ಗದ ಗುಂಡಿ ಇತ್ತು. ನೇಯುವವರು ನೆಲದ ಅಂಚಿನಲ್ಲಿ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು, ಕೆಳಗಿನ ತುಳಿಗೋಲುಗಳನ್ನು ತುಳಿದು ನೇಯುತ್ತಿದ್ದರು. ಮನೆಗೆ ಪವರ್‌ಲೂಮು ಬಂದ ಮೇಲೆ ಹಳೆಯ ಮಗ್ಗದ ಮರವನ್ನೆಲ್ಲ ಕಳಚಿ ಒಲೆಗೆ ಹಾಕಿಯಾಗಿತ್ತು. ಗುಂಡಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಗೋಣಿಚೀಲ ಹೇರಿದ್ದರು.

ಆಟ ಕಟ್ಟಿದವಳು ದೊಡ್ಡಪ್ಪನ ಮಗಳು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ತಮಿಳು ಮಕ್ಕಳ ಪತ್ರಿಕೆಗಳನ್ನು ಒಂದು ಅಕ್ಷರ ಬಿಡದೆ ಓದುವವಳು. ಅವಳ ಕಥೆಯಲ್ಲಿ ಗುಂಡಿಯ ಕೆಳಗೆ ಒಂದು ರಾಜ್ಯ. ಅಲ್ಲಿಯ ರಾಕ್ಷಸ ನಮ್ಮ ಕರೆಂಟನ್ನು ಕದ್ದು ಒಯ್ಯುತ್ತಾನೆ. ನಾಯಕ ಇಳಿದು ಹೋಗಿ ಅದನ್ನು ತರಬೇಕು. ಇಳಿಯುವ ಮೊದಲು ಬಾಗಿಲ ಕಾವಲುಗಾರ್ತಿ ಪ್ರಶ್ನೆ ಕೇಳುತ್ತಾಳೆ. ಕಾವಲುಗಾರ್ತಿ ಯಾವಾಗಲೂ ಅಕ್ಕನೇ.

ನಾಯಕನಾಗಲು ನಾನೂ ನನ್ನ ತಮ್ಮನೂ ದಿನವೂ ಕಿತ್ತಾಡುತ್ತಿದ್ದೆವು. ಬೇಸತ್ತು ಅಕ್ಕ ಒಂದು ಕಾನೂನು ಮಾಡಿದಳು: ಹೋಗುವುದಿಲ್ಲ ಎನ್ನುವವರು ಮಾತ್ರ ನಾಯಕರಾಗಬಹುದು. ನಾವಿಬ್ಬರೂ ತಕ್ಷಣ “ಒಲ್ಲೆ, ಒಲ್ಲೆ” ಎಂದು ಕೂಗಿದೆವು. “ನಿಮ್ದು ನಡಿಪ್ಪು, ಬರೀ ನಾಟಕ. ನಿಜವಾಗ್ಲೂ ಮನಸ್ಸಿಲ್ದೋರು ಬೇಕು” ಎಂದು ನಮ್ಮನ್ನು ತಳ್ಳಿಹಾಕಿದಳು.

ಅಷ್ಟು ಹೊತ್ತಿಗೆ ಅತ್ತೆ ಬಂದಳು. ಅಪ್ಪನ ತಂಗಿ, ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಗ್ಗಗಳಿಗೆ ಕಂಡಿಕೆ ಸುತ್ತುವ ಕೆಲಸ ಅವಳದು. ಲಾಳಿಯೊಳಗೆ ಕೂರುವ ಆ ಪುಟ್ಟ ಕೊಳವೆಗಳಿಗೆ ದಿನವಿಡೀ ನೂಲು ತುಂಬುತ್ತಿದ್ದಳು. ಮಾತು ಕಡಿಮೆ. ಖಾಲಿ ಕಂಡಿಕೆಗಳ ಬುಟ್ಟಿ ತೆಗೆದುಕೊಳ್ಳಲು ಬಂದವಳು, ನಾವು ಹಲಗೆ ಸರಿಸಿದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಅತ್ತೆ, ನೀನು ಗುಂಡಿಗೆ ಕಾಲು ಬಿಟ್ಟು ಕೂತ್ಕೊ” ಎಂದಳು ಅಕ್ಕ.

“ಬ್ಯಾಡ. ಮುಚ್ರೇ ಅದ್ನ.”

“ಸುಮ್ನೆ ಆಟಕ್ಕೆ.”

“ನನ್ಕೈಲಿ ಆಗಲ್ಲ, ಬಿಡ್ರಿ ಕಣ್ಣು” ಎಂದಾಗ, ಮಕ್ಕಳನ್ನೆಲ್ಲ ಮುದ್ದಿಗೆ ‘ಕಣ್ಣು’ ಎನ್ನುತ್ತಿದ್ದ ಅವಳ ದನಿ ಸಣ್ಣಗಾಗಿತ್ತು.

ಅಕ್ಕ ಚಪ್ಪಾಳೆ ತಟ್ಟಿದಳು. ನಿಜವಾಗಿ ಒಲ್ಲೆನ್ನುವವರು ಸಿಕ್ಕಿದ್ದರು. ಎಳೆದಾಡಿದರೂ ಅತ್ತೆ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಆದರೆ ಅವಳು ಗುಂಡಿಯನ್ನೇ ನೋಡುತ್ತ ನಿಂತಳು. ಯಾರೋ ಊಟಕ್ಕೆ ಕರೆದ ಹಾಗೆ ತಲೆಯನ್ನು ಸ್ವಲ್ಪ ವಾಲಿಸಿದಳು. ಆಮೇಲೆ ಬುಟ್ಟಿ ಕೆಳಗಿಟ್ಟು, ಸೀರೆ ಸರಿಮಾಡಿಕೊಂಡು, ತಾತ ಕೂರುತ್ತಿದ್ದ ಜಾಗದಲ್ಲಿ ಕೂತು ಕಾಲು ಇಳಿಬಿಟ್ಟಳು.

ಅಕ್ಕನ ಪ್ರಶ್ನೆಗಳೆಲ್ಲ ರಾಜಕುಮಾರರ ಕಥೆಗಳ ಗಟ್ಟಿ ತಮಿಳಿನಲ್ಲಿ ಇರುತ್ತಿದ್ದವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎನ್ನುವುದು ನಮ್ಮ ರೂಢಿ. ಆ ಗುಂಡಿ ಹೊರಗಿನ ಸೀಮೆಗೆ ಸೇರಿದ್ದು ಎಂದು ಅವಳ ಲೆಕ್ಕ. ಅತ್ತೆ ಕನ್ನಡದಲ್ಲೇ ಉತ್ತರ ಕೊಟ್ಟಳು.

“ಏಕೆ ಬರಲು ಹಿಂಜರಿದೆ, ನಾಯಕಿಯೇ?”

“ಬಂದ್ರೆ ಎದ್ದೇಳಕ್ಕಾಗಲ್ಲ, ಅದ್ಕೆ.”

“ಕೆಳಗಿನ ರಾಜ್ಯದಲ್ಲಿ ನಿನ್ನನ್ನು ಬಲ್ಲವರು ಯಾರಿದ್ದಾರೆ?”

“ಅಯ್ಯ ಇದಾರೆ.”

ಅಯ್ಯ ಎಂದರೆ ಅವಳ ತಂದೆ, ನಮ್ಮ ತಾತ. ನಾವು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ನಗಲು ಹೊರಟ ತಮ್ಮ ನನ್ನ ಹತ್ತಿರಕ್ಕೆ ಸರಿದ. ಆಗ ನಾನು ಅತ್ತೆಯ ಮೊಣಕಾಲುಗಳನ್ನು ನೋಡಿದೆ. ಸೀರೆಯ ಕೆಳಗೆ ಅವು ಒಂದಾದ ಮೇಲೊಂದು ಏಳುತ್ತಿದ್ದವು, ಇಳಿಯುತ್ತಿದ್ದವು. ಗುಂಡಿಯಲ್ಲಿ ತುಳಿಯುವುದಕ್ಕೆ ಏನೂ ಇರಲಿಲ್ಲ.

“ಅವರು ಏನು ಮಾಡುತ್ತಿದ್ದಾರೆ?” ಅಕ್ಕನ ದನಿಯ ಗತ್ತು ಅರ್ಧ ಇಳಿದಿತ್ತು.

“ಸುಮ್ನೆ ಕೂತಿದಾರೆ. ಲಾಳಿ ಓಡ್ತಿಲ್ಲ. ಮಾತಾಡ್ತಾವ್ರೆ.”

“ಏನಂತಾರೆ?” ಈ ಸಲ ಅಕ್ಕನಿಗೆ ತಮಿಳು ಮರೆತುಹೋಗಿತ್ತು.

“ಕಂಡಿಕೆ ಸುತ್ತು ಮಗಾ, ನಿಲ್ಲಿಸ್ಬೇಡ ಅಂತಾರೆ. ಎದ್ದೋಗ್ಬೇಡ, ಅವ್ವ ಬರೋಗಂಟ ಇಲ್ಲೇ ಕೂತಿರು ಅಂತಾರೆ.”

ಹಿಂದೆ ಏನೋ ಮೆತ್ತಗೆ ಬಿದ್ದಿತು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಹಿತ್ತಲಿನಿಂದ ತಂದ ಒಣಬಟ್ಟೆಗಳು ಅವಳ ಕಾಲ ಬಳಿ ಬಿದ್ದಿದ್ದವು.

ತಾತ ಸತ್ತ ಕಥೆಯನ್ನು ಮನೆಯಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಿದ್ದರು. ನೇಯ್ದ ಸೀರೆಗಳನ್ನು ಕೊಡಲು ಅಜ್ಜಿ ಬೆಳಿಗ್ಗೆಯೇ ಪಕ್ಕದ ಸೋಮನೂರಿಗೆ ಹೋಗಿದ್ದಳು, ಅಪ್ಪನೂ ದೊಡ್ಡಪ್ಪನೂ ಶಾಲೆಯಲ್ಲಿದ್ದರು. ಸಂಜೆ ಅಜ್ಜಿ ಬಂದಾಗ ತಾತ ಮಗ್ಗದ ಮೇಲೆ ಹಣೆಯಿಟ್ಟು ಕೂತಿದ್ದರು. ಮೈ ಮರದ ಹಾಗೆ ಬಿಗಿದಿತ್ತು. ಬೆಳಿಗ್ಗೆಯೇ ಜೀವ ಹೋಗಿದೆ ಎಂದು ನೋಡಿದವರೆಲ್ಲ ಹೇಳಿದರು. ಪಕ್ಕದಲ್ಲಿ ಪುಟ್ಟ ಹುಡುಗಿಯಾಗಿದ್ದ ಅತ್ತೆ ರಾಟೆ ತಿರುಗಿಸುತ್ತ ಕೂತಿದ್ದಳು, ಸುತ್ತಿದ ಕಂಡಿಕೆಗಳು ಅವಳ ಮಡಿಲು ತುಂಬಿ ನೆಲಕ್ಕೆ ಉರುಳಿದ್ದವು. ಮಗುವಿಗೆ ಏನೂ ತಿಳಿದಿಲ್ಲ, ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದೆ ಎಂದು ಜನ ಮಾತಾಡಿಕೊಂಡರಂತೆ. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅಜ್ಜಿ ಒಳಗೆ ಬಂದು ಗುಂಡಿಯ ಆಚೆ ಬದಿ ಕೂತಳು. ಅಕ್ಕ ಗೋಡೆಗೆ ಸರಿದಳು. ಈಗ ಕೇಳುವವಳು ಅಜ್ಜಿ.

“ಎಷ್ಟೊತ್ತು ಮಾತಾಡಿದ್ರು?”

“ನೀನು ಬರೋಗಂಟ.”

“ನೋವು ಅಂದ್ರಾ?”

“ಇಲ್ಲ.”

ಅಜ್ಜಿ ಮುಂದಕ್ಕೆ ಬಾಗಿದಳು. “ಇನ್ನೇನಂದ್ರು?”

ಅತ್ತೆಯ ಮೊಣಕಾಲುಗಳು ನಿಂತವು. “ಕತ್ಲಾಗೋಯ್ತು ಮಗಾ, ದೀಪ ಹಚ್ಚು ಅಂದ್ರು. ಹೊರಗೆ ಒಳ್ಳೆ ಬಿಸಿಲು. ಇನ್ನೂ ಮಧ್ಯಾಹ್ನ ಅಯ್ಯಾ ಅಂದೆ. ಮತ್ತೆ ಮತ್ತೆ ದೀಪ ಹಚ್ಚು ಅಂದ್ರು. ಎದ್ದೋಗ್ಬೇಡ ಅಂತಾನೂ ಅವ್ರೇ ಅಂದಿದ್ರಲ್ಲ, ನಾನೇನ್ ಮಾಡ್ಲಿ?”

ಆ ಕೋಣೆಯ ಒಂದೇ ಕಿಟಕಿಯಿಂದ ಬಿಸಿಲು ನೇರ ಅವಳ ಮುಖಕ್ಕೆ ಬೀಳುತ್ತಿತ್ತು. ಅವಳು ಕಣ್ಣು ಮಿಟುಕಿಸಲಿಲ್ಲ, ಕತ್ತಲೆಯಲ್ಲಿ ದಾರಿ ಹುಡುಕುವವರ ಹಾಗೆ ಕಣ್ಣು ಅಗಲಿಸಿಕೊಂಡಿದ್ದಳು. ತಮ್ಮ ನನ್ನ ಲಂಗದ ಅಂಚನ್ನು ಹಿಡಿದುಕೊಂಡಿದ್ದ.

ಅಜ್ಜಿ ಎದ್ದು ದೇವರ ಗೂಡಿಗೆ ಹೋದಳು. ಅಳುತ್ತಾಳೆ, ಇಲ್ಲವೇ ನಮಗೆ ಹೊಡೆಯುತ್ತಾಳೆ ಎಂದು ಕಾದೆವು. ಅವಳು ಕೈದೀಪ ಹಚ್ಚಿಕೊಂಡು ಬಂದು ಗುಂಡಿಯ ಅಂಚಿನಲ್ಲಿಟ್ಟಳು. ಆ ಬೆಳಕಿಗೆ ಗುಂಡಿಯ ತಳ ಕಾಣಿಸಿತು: ಒಂದಿಷ್ಟು ಧೂಳು, ನೂಲಿನ ಸಿಕ್ಕು, ಅತ್ತೆಯ ಎರಡು ಪಾದ. ಅಜ್ಜಿ ಗಂಡನ ಜೊತೆ ಮಾತಾಡುವ ದನಿಯಲ್ಲಿ, “ದೀಪ ಹಚ್ಚಿದೀನಿ, ಸೆರಿಯಾ?” ಎಂದಳು. ಆಮೇಲೆ ಮಗಳ ಭುಜ ಹಿಡಿದಳು.

“ಅವ್ವ ಬಂದೆ ಕಣ್ಣು. ಸೋಮನೂರಿಂದ ಬಂದೆ. ಇನ್ನು ಎದ್ದೇಳು.”

ಅತ್ತೆಗೆ ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು. ಅಜ್ಜಿ, ಅಕ್ಕ, ನಾನು ಮೂವರೂ ಕಂಕುಳಿಗೆ ಕೈಕೊಟ್ಟು ಮೇಲೆತ್ತಿದೆವು. ಆ ಸೆಕೆಯಲ್ಲೂ ಅವಳ ಕಾಲು ಮೊಣಕಾಲವರೆಗೆ ತಣ್ಣಗೆ ಕೊರೆಯುತ್ತಿತ್ತು. ಅಜ್ಜಿ ತನ್ನ ಸೆರಗಿನಿಂದ ಉಜ್ಜಿ ಉಜ್ಜಿ ಬಿಸಿ ಮಾಡಿದಳು. ಅಷ್ಟರಲ್ಲಿ ಕರೆಂಟು ಬಂದು ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ಹೊಡೆದುಕೊಳ್ಳತೊಡಗಿದವು. ನಾವು ಮಕ್ಕಳು ಮೂವರೂ ಕಿರುಚಿಬಿಟ್ಟೆವು. ಅತ್ತೆ ನಕ್ಕಳು. ಅವಳು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆ ಆಟವನ್ನು ನಾವು ಮತ್ತೆ ಆಡಲಿಲ್ಲ. ಅಜ್ಜಿಯೂ ಅತ್ತೆಯೂ ಮಾತ್ರ ಮಧ್ಯಾಹ್ನದ ಹೊತ್ತು ಜೊತೆಯಲ್ಲಿ ಕೂತು ಹರಟುವುದು ಶುರುವಾಯಿತು. ತಾತನಿಗೆ ಯಾವ ಸಾರು ಇಷ್ಟ, ಯಾರ ಮೇಲೆ ಸಿಟ್ಟು, ಇಂಥವೇ ಮಾತು. ಆ ದಿನದ ಮಾತನ್ನು ಅತ್ತೆ ಕನಸಿನಲ್ಲಿ ಕಂಡಳೋ, ಹೆದರಿದ ಮಗು ತಾನೇ ಕಟ್ಟಿಕೊಂಡಿತೋ ಎಂದು ದೊಡ್ಡವಳಾದ ಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಜ್ಜಿ ಹಾಗೆ ಯೋಚಿಸಿದಂತೆ ಕಾಣಲಿಲ್ಲ. ಅವಳಿಗೆ ಗಂಡನ ಕೊನೆಯ ಮಾತುಗಳು ಸಿಕ್ಕಿದ್ದವು.

ಮುಂದಿನ ವರ್ಷ ಅಪ್ಪ ಆ ಕೋಣೆಗೆ ಇನ್ನೊಂದು ಪವರ್‌ಲೂಮು ತಂದರು. ಗುಂಡಿ ಮುಚ್ಚಿ ಸಿಮೆಂಟು ಹಾಕಬೇಕಾಗಿತ್ತು. ಮಣ್ಣಿನ ಬುಟ್ಟಿ ಹೊತ್ತ ಆಳು ಅಂಚಿಗೆ ಬಂದಾಗ ಅತ್ತೆ “ಕೊಂಚ ಇರಪ್ಪ” ಎಂದು ತಡೆದಳು. ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟಳು. ಬೀದಿಯಲ್ಲಿ ಮಗ್ಗಗಳು ಓಡುತ್ತಿದ್ದವು, ಅದರ ನಡುವೆ ಅವಳಿಗೆ ಏನು ಕೇಳಿಸಬಹುದಿತ್ತೋ. ಅಪ್ಪ ಸಿಡುಕಲು ಹೊರಟವರು ಅಜ್ಜಿಯ ಮುಖ ನೋಡಿ ಆಳಿಗೆ ಕಾಯುವಂತೆ ಸನ್ನೆ ಮಾಡಿದರು.

ಅತ್ತೆ ಯಾರಿಗೋ ಒಪ್ಪಿಗೆ ಕೊಟ್ಟಂತೆ ತಲೆಯಾಡಿಸಿ, ಎದ್ದು ಪಕ್ಕಕ್ಕೆ ಸರಿದು ನಿಂತಳು.

“ಸೆರಿ, ಹಾಕು” ಎಂದಳು.