ಗೆರೆ ಎಳೆಯದ ಎಡಭಾಗ

ಗ್ರಾಫಿನ ಎಡಭಾಗಕ್ಕೆ ಗೆರೆ ಹಾಕಿಕೊಂಡು ಬಾ ಎಂದು ಪ್ರೊಫೆಸರ್ ಸೂರ್ಯನಾರಾಯಣ ಮತ್ತೊಮ್ಮೆ ಹೇಳಿದಾಗ, ಧಾರಿಣಿ ಕೈಯಲ್ಲಿದ್ದ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟು, "ಹಾಕಲ್ಲ ಸರ್" ಎಂದಳು.

"ಏನಂದೆ?"

"ಹಾಕಲ್ಲ ಅಂದೆ. ಅಲ್ಲಿ ಏನೂ ಇಲ್ಲ ಅಂತ ಯಾರೂ ತೋರಿಸಿಲ್ಲ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲಿದೆಯಮ್ಮ ನಿನ್ನ ಕಣ? ಜನಕಪುರಿಯ ನಿಮ್ಮ ಮನೆಯಲ್ಲಿದೆಯಾ?"

"ಅಲ್ಲೂ ಇರಬೇಕು ಸರ್. ಈ ರೂಮಿನಲ್ಲೂ ಇರಬೇಕು."

ಅವರು ನಗಲಿಲ್ಲ. ಗೆರೆ ಹಾಕದ ಗ್ರಾಫ್ ಇರುವ ಥೀಸಿಸ್‌ಗೆ ತಾನು ಸಹಿ ಹಾಕುವುದಿಲ್ಲ ಎಂದರು. 2005ರ ನವೆಂಬರಿನ ಮಾತು ಇದು. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಧಾರಿಣಿಯ ನೋಂದಣಿ ಜನವರಿಗೆ ಮುಗಿಯುತ್ತಿತ್ತು. ಸಿಗಬಹುದಾದ ವಿಸ್ತರಣೆಯನ್ನೆಲ್ಲ ಅವಳು ಆಗಲೇ ಪಡೆದಾಗಿತ್ತು. ಮಾರ್ಗದರ್ಶಕರ ಸಹಿ ಇಲ್ಲದೆ ಥೀಸಿಸ್ ಒಳಗೆ ಹೋಗುವುದಿಲ್ಲ. ಥೀಸಿಸ್ ಇಲ್ಲದೆ ಕಾಲೇಜಿನಲ್ಲಿ ಕಾಯಂ ಕೆಲಸ ಸಿಗುವುದಿಲ್ಲ.

ಅವಳಿಗೆ ಆಗ ಮೂವತ್ತೈದು. ಹುಟ್ಟಿದ್ದು ಹಿರಿಯೂರಿನಲ್ಲಿ. ಅಪ್ಪ ತಿಪ್ಪೇಸ್ವಾಮಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿದ ವರ್ಷ, ನಾಲ್ಕನೆಯ ತರಗತಿಯ ಪುಸ್ತಕಗಳ ಸಮೇತ ರೈಲು ಹತ್ತಿ ದೆಹಲಿಗೆ ಬಂದವಳು. ಹಿಂದಿ ಬಾರದ ಮೊದಲ ವರ್ಷ ಶಾಲೆಯಲ್ಲಿ ಲೆಕ್ಕದ ಪೀರಿಯಡ್ ಒಂದರಲ್ಲೇ ಅವಳು ಕೈ ಎತ್ತುತ್ತಿದ್ದುದು. ಎಂಎಸ್ಸಿ ಆದ ಮೇಲೆ ದೆಹಲಿಯ ಆಚೀಚೆ ತುದಿಗಳ ಕಾಲೇಜುಗಳಲ್ಲಿ ಅಡ್‌ಹಾಕ್ ಅಧ್ಯಾಪಕಿ. ಅಡ್‌ಹಾಕ್ ಎಂದರೆ ಪ್ರತಿ ಟರ್ಮಿಗೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾದು ಕೂರುವ ಕೆಲಸ. ಅವಳ ಜೊತೆಯವರು ಇದಕ್ಕೆ ಒಗ್ಗಿಹೋಗಿದ್ದರು, ಕೆಲವರು ಬಿಟ್ಟು ಬ್ಯಾಂಕಿಗೆ ಸೇರಿದ್ದರು. ಧಾರಿಣಿ ಬೆಳಗ್ಗೆ ಪಾಠ ಮಾಡಿ, ಮಧ್ಯಾಹ್ನ ಬಸ್ಸು ಬದಲಿಸಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದು ಪಿಎಚ್‌ಡಿ ಮಾಡುತ್ತಿದ್ದಳು. ಹಾಗಾಗಿ ಅದು ಎಳೆದುಕೊಂಡು ಹೋಗಿತ್ತು.

ಜಗಳದ ವಿಷಯ ಕಪ್ಪು ದ್ರವ್ಯ. ಬ್ರಹ್ಮಾಂಡದಲ್ಲಿ ನಕ್ಷತ್ರ, ಅನಿಲ, ಧೂಳು ಎಲ್ಲ ಸೇರಿಸಿದರೂ ಅದಕ್ಕಿಂತ ಹಲವು ಪಟ್ಟು ಹೆಚ್ಚು ತೂಕದ ಇನ್ನೇನೋ ಇದೆ. ಅದು ಬೆಳಗುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ಗೆಲಾಕ್ಸಿಗಳು ಇರಬೇಕಾದ್ದಕ್ಕಿಂತ ಜೋರಾಗಿ ತಿರುಗುವುದನ್ನು ನೋಡಿ ಅದು ಇದೆ ಎಂದು ಊಹಿಸಿದ್ದಾರೆ. ಯಾವ ಕಣದಿಂದ ಆಗಿದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದ ಈ ಕೆಲಸದವರು ಗ್ರಾಫ್ ಬರೆಯುತ್ತಾರೆ: ಅಡ್ಡಕ್ಕೆ ಕಣದ ತೂಕ, ಎಡಕ್ಕೆ ಹೋದಷ್ಟೂ ಹಗುರ; ಮೇಲಕ್ಕೆ, ಆ ಕಣ ಉಳಿದ ಕಣಗಳನ್ನು ಎಷ್ಟು ಬಲವಾಗಿ ತಾಕುತ್ತದೆ ಎಂಬುದು. ಅಸಾಧ್ಯ ಎಂದು ಸಿದ್ಧವಾದ ಜಾಗಕ್ಕೆ ಓರೆ ಗೆರೆ ಎಳೆದು ಮುಚ್ಚುತ್ತಾರೆ. ಬಿಳಿಯಾಗಿ ಉಳಿದಲ್ಲಿ ಹುಡುಕುತ್ತಾರೆ.

ಆ ವಿಭಾಗದ ಎಲ್ಲ ಥೀಸಿಸ್‌ಗಳಲ್ಲೂ, ಪ್ರೋಟಾನಿನ ಎರಡು ಪಟ್ಟು ತೂಕಕ್ಕಿಂತ ಹಗುರವಾದ ಕಣಗಳ ಜಾಗ ಪೂರ್ತಿ ಗೆರೆಗಳಿಂದ ತುಂಬಿರುತ್ತಿತ್ತು. ಅದಕ್ಕೆ ಹಳೆಯ ಲೆಕ್ಕವೊಂದು ಆಧಾರ. ಅಷ್ಟು ಹಗುರ ಕಣಗಳು ಬ್ರಹ್ಮಾಂಡದ ಆರಂಭದಲ್ಲಿ ಒಂದನ್ನೊಂದು ಸಾಕಷ್ಟು ನಾಶಮಾಡಿಕೊಳ್ಳಲಾರವು. ಹಾಗಾಗಿ ಇವತ್ತು ಇರುವುದಕ್ಕಿಂತ ಎಷ್ಟೋ ಹೆಚ್ಚು ಉಳಿದುಬಿಡಬೇಕಿತ್ತು. ಲೆಕ್ಕ ಸರಿಯಾಗೇ ಇತ್ತು. ಆದರೆ ಅದರ ಮೊದಲಿಗೇ ಒಂದು ಷರತ್ತಿತ್ತು: ಆ ಕಣಗಳು, ನಮಗೆ ಈಗಾಗಲೇ ಗೊತ್ತಿರುವ, 'ದುರ್ಬಲ ಬಲ' ಎಂದು ಹೆಸರಿರುವ ಮೂಲಬಲದ ಮೂಲಕವೇ ಒಂದನ್ನೊಂದು ತಾಕಬೇಕು. ನಮಗಿನ್ನೂ ಗೊತ್ತಿಲ್ಲದ ಬಲವೊಂದಿದ್ದರೆ ಗೆರೆಗಳಿಗೆ ಆಧಾರವಿಲ್ಲ. ವಿಭಾಗದಲ್ಲಿ ಗ್ರಾಫ್ ಬರೆಯುವ ಕಂಪ್ಯೂಟರ್ ಫೈಲು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಬರುತ್ತಿತ್ತು. ಗೆರೆಗಳು ಅದರೊಳಗೇ ಇದ್ದವು. ಷರತ್ತು ಅದರ ಜೊತೆ ಬರಲಿಲ್ಲ. ಒಬ್ಬರೂ ಕೇಳಲೂ ಇಲ್ಲ.

ಧಾರಿಣಿ ಕೇಳಿದ್ದಕ್ಕೆ ಒಂದು ಕಾರಣವಿತ್ತು. ನಮ್ಮ ಗೆಲಾಕ್ಸಿಯ ನಡುವಿನಿಂದ ಒಂದೇ ನಿರ್ದಿಷ್ಟ ಶಕ್ತಿಯ ಗಾಮಾ ಕಿರಣ ಬರುತ್ತಿರುವುದು ಹಿಂದಿನಿಂದಲೂ ಗೊತ್ತಿತ್ತು. ಎಲೆಕ್ಟ್ರಾನಿಗೆ ಅದರ ಎದುರಾಳಿ ಪಾಸಿಟ್ರಾನ್ ಸಿಕ್ಕಿ ಎರಡೂ ಇಲ್ಲವಾದಾಗ ಹೊಮ್ಮುವ ಬೆಳಕು ಅದು. ಯುರೋಪಿನ ಉಪಗ್ರಹವೊಂದು 2003ರಲ್ಲಿ ಅದನ್ನು ಸರಿಯಾಗಿ ಅಳೆದಾಗ, ಬೆಳಕು ಗೆಲಾಕ್ಸಿಯ ತಟ್ಟೆಯ ಉದ್ದಕ್ಕೂ ಹರಡದೆ ನಡುವಿನಲ್ಲೇ ಗುಂಡಗೆ ತುಂಬಿಕೊಂಡಿರುವಂತೆ ಕಂಡಿತು. ಅಷ್ಟೊಂದು ಪಾಸಿಟ್ರಾನುಗಳನ್ನು ಅಲ್ಲಿ ಯಾರು ತಯಾರಿಸುತ್ತಿದ್ದಾರೆ? ಕಪ್ಪು ದ್ರವ್ಯವೂ ನಡುವಿನಲ್ಲೇ ದಟ್ಟ. ಅದರ ಕಣಗಳು ಬಹಳ ಹಗುರವಾಗಿದ್ದು, ಒಂದನ್ನೊಂದು ಅಳಿಸಿಕೊಂಡು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳನ್ನು ಹೆರುತ್ತಿದ್ದರೆ ಲೆಕ್ಕ ಕೂಡುತ್ತಿತ್ತು. ಭಾರದ ಕಣವಾದರೆ ಇನ್ನಿತರ ಕಿರಣಗಳನ್ನೂ ಎರಚಬೇಕು, ಅವು ಕಂಡಿರಲಿಲ್ಲ. ಯುರೋಪಿನ ಕೆಲವರು ಇದನ್ನು ಬರೆದರು. ಅದನ್ನು ಓದಿದ ದಿನ ಧಾರಿಣಿ ತನ್ನ ಫೈಲಿನಿಂದ ಎಡಭಾಗದ ಗೆರೆಗಳನ್ನು ಅಳಿಸಿದಳು.

ಪ್ರೊಫೆಸರು ಸಹಿ ಹಾಕುವುದಿಲ್ಲ ಎಂದ ವಾರದಲ್ಲೇ ಜನಕಪುರಿಯ ಮನೆಗೆ ಫೋನ್ ಬಂತು. ತಿಪ್ಪೇಸ್ವಾಮಿಗೂ ಅವರಿಗೂ ಕನ್ನಡ ಸಂಘದ ನಾಟಕಗಳಲ್ಲಿ ಪಕ್ಕಪಕ್ಕ ಕೂತ ಪರಿಚಯ. ಭಾನುವಾರ ಅಪ್ಪ, ಮಂಕಿ ಕ್ಯಾಪ್ ಹಾಕಿಕೊಂಡು, ಮಹಡಿಯ ಬಿಸಿಲಿನಲ್ಲಿ ಕಡಲೆಕಾಯಿ ಸುಲಿಯುತ್ತ ವಿಷಯಕ್ಕೆ ಬಂದರು.

"ಧಾರೂ, ಸೂರ್ಯನಾರಾಯಣ ಫೋನ್ ಮಾಡಿದ್ರು. ಹಟ ಮಾಡ್ತಿದೀಯಂತೆ."

"ಮೂವತ್ತೈದು ವರ್ಷದವಳ ಮೇಲೆ ಅಪ್ಪನ ಹತ್ರ ದೂರಾ? ನಾನೇನು ಸ್ಲೇಟು ಒಡೆದಿದೀನಾ?"

"ಏನೋ ನಾಲ್ಕು ಗೆರೆಯಂತೆ. ಹಾಕಿಬಿಡಮ್ಮ."

"ಅಪ್ಪಾ, ನಿಮ್ಮ ಕಚೇರಿಯಲ್ಲಿ, ಒಳಗೆ ಏನಿದೆ ಅಂತ ನೋಡದೇ ಇರೋ ಫೈಲಿನ ಮೇಲೆ 'ಪರಿಶೀಲಿಸಿದೆ' ಅಂತ ಬರೀತಿದ್ರಾ?"

ತಿಪ್ಪೇಸ್ವಾಮಿ ಇನ್ನೊಂದು ಕಡಲೆಕಾಯಿ ಒಡೆದರು. "ಬರೆದಿದೀನಿ. ಬರೆದಿದ್ದಕ್ಕೇ ಪೆನ್ಷನ್ ಬರ್ತಿದೆ. ಹಾಕು."

ದೆಹಲಿಯಲ್ಲೇ ಹುಟ್ಟಿದ ತಮ್ಮ ಚರಣ್ ಮೆಟ್ಟಿಲ ಬಳಿ ನಿಂತು ಬೈಕಿನ ಬೀಗ ತಿರುಗಿಸುತ್ತಿದ್ದ. "ಅಕ್ಕಾ, ಚಾರ್ ಲಕೀರ್ ಹೀ ತೋ ಹೈ ಯಾರ್. ಹಾಕ್ ದೋ, ಬಾತ್ ಖತಂ."

"ನಾಲ್ಕೇ ಗೆರೆ ಆದ್ರೆ ಅವರೇ ಯಾಕೆ ಬಿಟ್ಟುಕೊಡಬಾರದು?" ಎಂದಳು ಧಾರಿಣಿ. ಅವಳ ತಾಯಿ ಅಹಲ್ಯಾ, ಒಣಗಿದ ಬಟ್ಟೆ ಮಡಿಸುತ್ತಿದ್ದವರು, "ಅವಳ ಪುಸ್ತಕ, ಅವಳು ನೋಡ್ಕೋತಾಳೆ. ನೀವು ಕಡಲೆಕಾಯಿ ಸಿಪ್ಪೆ ಕೆಳಗೆ ಹಾಕಬೇಡಿ" ಎಂದರು. ಆ ಮನೆಯಲ್ಲಿ ಅವಳ ಪರವಾಗಿ ಬಂದ ಮಾತು ಅದೊಂದೇ.

ಆ ತಿಂಗಳು ಅವಳು ಮಾಡಿದ ಕೆಲಸ ಅವಳ ಸಹಪಾಠಿಗಳಿಗೆ ಅರ್ಥವಾಗಲಿಲ್ಲ. ತನ್ನ ಹಗುರ ಕಣವನ್ನು ಉಳಿಸಿಕೊಳ್ಳಲು ಹೊರಟವಳು ಅದನ್ನು ಕೊಲ್ಲುವ ಲೆಕ್ಕಕ್ಕೆ ಕೂತಳು. ಪಾಸಿಟ್ರಾನುಗಳು ಜೋರಾದ ವೇಗದಲ್ಲಿ ಹುಟ್ಟಿದರೆ, ನಿಲ್ಲುವ ಮೊದಲೇ, ಓಟದ ನಡುವೆಯೇ ಅವುಗಳಲ್ಲಿ ಕೆಲವು ಎಲೆಕ್ಟ್ರಾನುಗಳಿಗೆ ಢಿಕ್ಕಿ ಹೊಡೆಯುತ್ತವೆ. ಆಗ ಬರುವ ಕಿರಣದ ಶಕ್ತಿ ಹೆಚ್ಚು. ಅಂಥ ಕಿರಣ ಗೆಲಾಕ್ಸಿಯ ನಡುವಿನಿಂದ ಅಷ್ಟಾಗಿ ಬರುತ್ತಿಲ್ಲ. ಎಂದರೆ ಪಾಸಿಟ್ರಾನುಗಳು ಮೆಲ್ಲಗೆ ಹುಟ್ಟುತ್ತಿವೆ. ಎಂದರೆ ಅವನ್ನು ಹೆರುವ ಕಣ ತೀರಾ ಹಗುರ, ಎಲೆಕ್ಟ್ರಾನಿನ ಆರೇಳು ಪಟ್ಟಿಗಿಂತ ಹೆಚ್ಚಿಲ್ಲ. ಮೊದಲು ನೂರಾರು ಪಟ್ಟಿನವರೆಗೆ ಜಾಗವಿದೆ ಎಂದುಕೊಂಡಿದ್ದಳು. ಲೆಕ್ಕ ಮುಗಿದಾಗ, ಆ ಬೆಳಕಿಗೆ ಕಾರಣವಾಗಬಲ್ಲ ಕಣಕ್ಕೆ ಉಳಿದದ್ದು ಎಡತುದಿಯ ಸಣ್ಣ ಪಟ್ಟಿ. ಕಳೆದುಹೋದ ಜಾಗಕ್ಕೆ ಅವಳೇ ಗೆರೆ ಎಳೆದಳು.

ಅದನ್ನು ಹೊಸ ಅಧ್ಯಾಯವಾಗಿ ಬರೆದುಕೊಟ್ಟಾಗ ಪ್ರೊಫೆಸರು ತಿರುವಿಯೂ ನೋಡದೆ ಇಟ್ಟುಕೊಂಡರು. ಡಿಸೆಂಬರ್ ಕಳೆಯುವಷ್ಟರಲ್ಲಿ ಹೊರದೇಶದ ಇಬ್ಬರು ಅದೇ ಲೆಕ್ಕವನ್ನು ಮಾಡಿ ಪ್ರಕಟಿಸಿದರು. ಧಾರಿಣಿ ಅದನ್ನು ವಿಭಾಗದ ಕಂಪ್ಯೂಟರಿನಲ್ಲಿ ಓದಿದಳು. ಕೊನೆಯವರೆಗೂ ಓದಿ, ಎದ್ದು ಕ್ಯಾಂಟೀನಿಗೆ ಹೋಗಿ, "ಭಯ್ಯಾ, ಏಕ್ ಚಾಯ್" ಎಂದಳು. ಮೊದಲು ಹೇಳಿದವಳು ಎಂಬ ಹೆಸರು ಹೋಯಿತು. ಲೆಕ್ಕ ಸರಿಯಾಗಿತ್ತು ಎಂಬುದು ಉಳಿಯಿತು.

ಜನವರಿಯ ಎರಡನೆಯ ಭಾನುವಾರ ಅವಳು ಆಟೊ ಮಾಡಿಕೊಂಡು ವಸಂತ್ ಕುಂಜ್‌ಗೆ, ಪ್ರೊಫೆಸರ ಮನೆಗೆ ಹೋದಳು. ಕರೆಸಿದ್ದು ಅವರೇ. ಹಾಲಿನಲ್ಲಿ ಹೀಟರ್ ಉರಿಯುತ್ತಿತ್ತು. ಥೀಸಿಸ್ ಟೀಪಾಯಿಯ ಮೇಲಿತ್ತು, ಅದರ ಪಕ್ಕದಲ್ಲಿ ಪೆನ್ಸಿಲ್.

"ನೋಡಿದೆಯಲ್ಲ? ಹೊರಗಿನವರೂ ಮುಚ್ಚಿದಾರೆ. ಇನ್ನೇನಿದೆ ಹಟ?"

"ಅವರು ಮುಚ್ಚಿದ್ದು ನಾನು ಮುಚ್ಚಿದಷ್ಟನ್ನೇ ಸರ್. ಅದರ ಎಡಕ್ಕೆ ಅವರೂ ಮುಟ್ಟಿಲ್ಲ. ನನ್ನ ಲೆಕ್ಕ ನಿಮ್ಮ ಮೇಜಿನ ಮೇಲೆ ಇಡೀ ತಿಂಗಳು ಕೂತಿತ್ತು."

ಪ್ರೊಫೆಸರ ಹೆಂಡತಿ ಸರಳಾ ಕೋಡುಬಳೆ, ಕಾಫಿ ತಂದಿಟ್ಟರು. "ರೀ, ಕಾಫಿ ಕುಡೀಲಿ ಮೊದಲು. ಬ್ರಹ್ಮಾಂಡ ಎಲ್ಲೂ ಓಡಿಹೋಗಲ್ಲ."

"ಅದು ಓಡ್ತಾನೇ ಇದೆ ಸರಳಾ" ಎಂದರು ಪ್ರೊಫೆಸರು. ಮತ್ತೆ ಧಾರಿಣಿಯ ಕಡೆ ತಿರುಗಿ ದನಿ ತಗ್ಗಿಸಿದರು. "ನಾನು ನಿನ್ನ ವೈರಿಯಲ್ಲಮ್ಮ. ಹೊರಗಿನ ಪರೀಕ್ಷಕರು ಹಳೇ ಕಾಲದವರು. ಬಿಳಿ ಜಾಗ ನೋಡಿದ ಕೂಡಲೇ ವಾಪಸ್ ಕಳಿಸ್ತಾರೆ. ಇನ್ನೊಂದು ವರ್ಷ ಕಾಯೋಕೆ ಆಗುತ್ತಾ ನಿನಗೆ? ಡಿಗ್ರಿ ತಗೋ. ಆಮೇಲೆ ನಿನ್ನ ಹೆಸರಲ್ಲಿ ಏನು ಬೇಕಾದರೂ ಬರ್ಕೋ."

ಹೇಳುತ್ತಲೇ ಪೆನ್ಸಿಲ್ ತೆಗೆದು, ಗ್ರಾಫಿನ ಎಡಕ್ಕೆ ಓರೆಯಾಗಿ ಗೆರೆ ಎಳೆಯತೊಡಗಿದರು. ಬರಿಗೈಯಲ್ಲಿ ಎಳೆದರೂ ಒಂದಕ್ಕೊಂದು ಸಮಾನಾಂತರವಾಗಿ ಬರುತ್ತಿದ್ದವು. ಎಷ್ಟೋ ವರ್ಷದ ಅಭ್ಯಾಸ.

ಧಾರಿಣಿ ಅವರು ನಿಲ್ಲಿಸುವವರೆಗೂ ಕಾದಳು. ಚೀಲದಿಂದ ರಬ್ಬರ್ ತೆಗೆದು, ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಅವರ ಮುಂದೆಯೇ ಅಳಿಸಿದಳು. ಅವಸರ ಮಾಡಲಿಲ್ಲ. ಒಳಗೆ ಹೊರಟಿದ್ದ ಸರಳಾ ಬಾಗಿಲಲ್ಲೇ ನಿಂತರು. ಆ ಮನೆಯಲ್ಲಿ ಪ್ರೊಫೆಸರು ಬರೆದದ್ದನ್ನು ಯಾರಾದರೂ ಅಳಿಸಿದ್ದನ್ನು ಅವರು ನೋಡಿರಲಿಲ್ಲ.

"ಸರ್," ಎಂದಳು ಧಾರಿಣಿ, "ನನ್ನ ಕಣಕ್ಕೆ ಬಹಳಷ್ಟು ಜಾಗ ಇತ್ತು. ಅದನ್ನ ನಾನೇ ಮುಚ್ಚಿದೀನಿ, ಯಾಕೆ ಅಂದ್ರೆ ಲೆಕ್ಕ ಹಾಗೆ ಹೇಳ್ತು. ಈ ಪಟ್ಟಿ ಮುಚ್ಚೋಕೆ ನಿಮ್ಮ ಹತ್ರ ಲೆಕ್ಕ ಇದ್ರೆ ಕೊಡಿ, ಇಲ್ಲೇ ಕೂತು ಗೆರೆ ಹಾಕ್ತೀನಿ. ಪರೀಕ್ಷಕರ ಭಯ ಲೆಕ್ಕ ಅಲ್ಲ. ಮತ್ತೆ ಇನ್ಮೇಲೆ ಅಪ್ಪನಿಗೆ ಫೋನ್ ಮಾಡಬೇಡಿ."

"ಸಹಿ ಹಾಕದೇ ಇದ್ರೆ?"

"ನೋಂದಣಿ ಹೋಗುತ್ತೆ. ಹೋಗಲಿ. ಗೆರೆ ಹಾಕಲ್ಲ."

ಪ್ರೊಫೆಸರು ಪೆನ್ಸಿಲನ್ನು ಟೀಪಾಯಿಯ ಮೇಲಿಟ್ಟರು. ಆಮೇಲೆ ಥೀಸಿಸನ್ನು ಎತ್ತಿಕೊಂಡು, ಅವಳು ಹೊಸದಾಗಿ ಸೇರಿಸಿದ್ದ ಅಧ್ಯಾಯವನ್ನು ಮೊದಲ ಬಾರಿಗೆ ಓದಿದರು. ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು.

"ಲೆಕ್ಕ ಸರಿಯಿದೆ," ಎಂದರು. "ಆದರೆ ಆ ಬಿಳಿ ಪಟ್ಟಿಗೆ ನನ್ನ ಜವಾಬ್ದಾರಿ ಇಲ್ಲ."

"ಹಾಗಂತ ಬರೀತೀನಿ ಸರ್."

ಗ್ರಾಫಿನ ಕೆಳಗೆ ಅವಳು ಸೇರಿಸಿದ ಸಾಲು ಇವತ್ತಿಗೂ ಆ ಥೀಸಿಸ್‌ನಲ್ಲಿದೆ: ಈ ಭಾಗವನ್ನು ಮುಚ್ಚದೆ ಬಿಟ್ಟ ನಿರ್ಧಾರ ಲೇಖಕಿಯೊಬ್ಬಳದೇ. ಅದರ ಮೇಲೆ ಪ್ರೊಫೆಸರ ಸಹಿ ಬಿತ್ತು.

ಪರೀಕ್ಷಕರ ವಿಷಯದಲ್ಲಿ ಅವರು ಹೇಳಿದ್ದು ನಿಜವಾಯಿತು. ಒಬ್ಬರು ಥೀಸಿಸನ್ನು ವಾಪಸ್ ಕಳಿಸಿದರು. ಧಾರಿಣಿ ವಿವರಣೆ ಬರೆದಳು, ಅವರು ಇನ್ನೊಂದು ಪ್ರಶ್ನೆ ಕೇಳಿದರು, ಅದಕ್ಕೂ ಬರೆದಳು. ಅಷ್ಟರಲ್ಲಿ ಅವಳ ಕಾಲೇಜಿನ ಕಾಯಂ ಹುದ್ದೆ ಬೇರೊಬ್ಬರದಾಯಿತು. ಮರುವರ್ಷದ ವೈವಾದಲ್ಲಿ ಅದೇ ಪರೀಕ್ಷಕರು ಎದುರು ಕೂತು, "ಈ ಕಣ ಇದೆ ಎಂದು ನಂಬುತ್ತೀರಾ?" ಎಂದು ಕೇಳಿದರು. ನಂಬಿಕೆಗೆ ತಾನು ಗ್ರಾಫಿನಲ್ಲಿ ಜಾಗ ಇಟ್ಟಿಲ್ಲ ಎಂದು ಅವಳು ಉತ್ತರಿಸಿದಳು. ಡಿಗ್ರಿ ಬಂತು. ಕೆಲಸ ಅಡ್‌ಹಾಕ್ ಆಗಿಯೇ ಮುಂದುವರಿಯಿತು.

2008ರ ಆರಂಭದಲ್ಲಿ ಅದೇ ಉಪಗ್ರಹದ ಹೊಸ ನಕ್ಷೆ ಬಂತು. ಗೆಲಾಕ್ಸಿಯ ಒಳಭಾಗದ ಆ ಬೆಳಕು ಒಂದು ಕಡೆಗೆ ಹೆಚ್ಚಾಗಿ ವಾಲಿದೆ, ಒಂದನ್ನೊಂದು ಸುತ್ತುವ ಒಂದು ಬಗೆಯ ಜೋಡಿ ನಕ್ಷತ್ರಗಳು ಹೆಚ್ಚಿರುವುದೂ ಆ ಕಡೆಗೇ ಎಂದು ತಿಳಿಯಿತು. ಪಾಸಿಟ್ರಾನುಗಳನ್ನು ಆ ನಕ್ಷತ್ರಗಳೇ ತಯಾರಿಸುತ್ತಿರಬಹುದು. ಸ್ಟಾಫ್ ರೂಮಿನಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು.

"ನೋಡಿದೆಯೇನಮ್ಮ?" ಪ್ರೊಫೆಸರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಕುತೂಹಲವಿತ್ತು.

"ನೋಡಿದೆ ಸರ್. ಚೆನ್ನಾಗಿ ಅಳೆದಿದಾರೆ."

"ಈಗಲಾದರೂ ಒಪ್ತೀಯಾ?"

"ಬೆಳಕು ನಕ್ಷತ್ರಗಳದ್ದೇ ಇರಬಹುದು ಅಂತ ಒಪ್ತೀನಿ. ಹಗುರ ಕಣ ಅದನ್ನ ಮಾಡಿಲ್ಲ ಅಂದ್ರೆ, ಹಗುರ ಕಣವೇ ಇಲ್ಲ ಅಂತ ಹೇಗಾಯ್ತು?"

"ನೀನು ಬಗ್ಗೋಳಲ್ಲ."

"ಬಗ್ಗೋ ಹಾಗೆ ಲೆಕ್ಕ ತೋರಿಸಿ ಸರ್," ಎಂದು ಧಾರಿಣಿ ಹಾಜರಿ ಪುಸ್ತಕ ಕಂಕುಳಿಗಿಟ್ಟುಕೊಂಡು ಎದ್ದಳು. ಎರಡನೆಯ ವರ್ಷದವರು ಆಗಲೇ ತರಗತಿಯಲ್ಲಿ ಗದ್ದಲ ಶುರುಮಾಡಿದ್ದರು.