ಯಾರ ಹೆಸರಿನ ನೀರು

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದವನು ಅದರ ಒಂದು ಮೂಲೆಯನ್ನು ಹರಿದು ಬಸಿಯ ಕೆಳಗೆ ಇಟ್ಟಿದ್ದೆ. ಹರಿದದ್ದು ನನಗೇ ಗೊತ್ತಾಗಿರಲಿಲ್ಲ. ಹೆಂಡತಿ ಬಂದು, "ಪೇಪರ್ ಯಾಕ ಹರದ್ರಿ? ಅದರ ಹಿಂದ ಏನಿತ್ತೋ ಏನೋ, ನಾ ಇನ್ನೂ ಓದಿಲ್ಲ" ಎಂದು ರೇಗಿದಾಗಲೇ ನೋಡಿಕೊಂಡೆ.

ಹರಿದದ್ದು ಒಂದು ಶ್ರದ್ಧಾಂಜಲಿಯ ಪುಟ. ಇಡೀ ಪುಟ, ಬಣ್ಣದ್ದು. ಯಾರೋ ಪುಢಾರಿಯ ತಾಯಿ ತೀರಿಕೊಂಡಿದ್ದಾರೆ. ತಾಯಿಯ ಫೋಟೊ ಒಂದು ಅಂಚೆಚೀಟಿಗಿಂತ ತುಸು ದೊಡ್ಡದು. ಮಗನದು ಅಂಗೈಯಗಲ, ಎರಡೂ ಕೈ ಮುಗಿದುಕೊಂಡು, ಚುನಾವಣೆಗೆ ನಿಂತವರ ಹಾಗೆ. ಕೆಳಗೆ 'ದುಃಖತಪ್ತರು' ಎಂದು ಸಾಲು ಸಾಲು ಮೋರೆಗಳು, ಒಂದರಲ್ಲೂ ದುಃಖವಿಲ್ಲ. ತಾಯಿಯ ಹೆಸರನ್ನು ಹುಡುಕಿದೆ. 'ಮಾತೋಶ್ರೀ' ಎಂದಿತ್ತು, 'ಪೂಜ್ಯ ತಾಯಿಯವರು' ಎಂದಿತ್ತು. ಹೆಸರಿರಲಿಲ್ಲ. ಬಹುಶಃ ಅದು ನನಗೆ ಸಿಟ್ಟು ತರಿಸಿರಬೇಕು. ಆದರೆ ಸಿಟ್ಟು ಬಂದವನು ಪೇಪರನ್ನು ಮುದುಡಿ ಎಸೆಯುತ್ತಾನೆ, ಮೂಲೆ ಹರಿಯುವುದಿಲ್ಲ. ಮೂಲೆ ಹರಿದದ್ದು ನಾನಲ್ಲ, ನನ್ನೊಳಗೆ ಉಳಿದಿರುವ ಅತ್ತೆ.

ಅತ್ತೆಯೆಂದರೆ ಸೋದರಮಾವನ ಹೆಂಡತಿ. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು, ನಮ್ಮ ಕಡೆ ಸಾವಿನ ಸುದ್ದಿ ಬರೆದ ಕಾರ್ಡಿನ ಮೂಲೆಯನ್ನು ಹರಿದೇ ಅಂಚೆಗೆ ಹಾಕುತ್ತಿದ್ದರು. ಮೂಲೆ ಇಲ್ಲದ ಕಾರ್ಡು ಕಂಡರೆ ಹೊಸಲಿನ ಆಚೆಯೇ ನಿಂತು ಓದಬೇಕು, ಓದಿ ಹರಿದು ಹಾಕಬೇಕು, ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಇಷ್ಟು ಎಲ್ಲರ ಮನೆಯಲ್ಲೂ ಇದ್ದದ್ದು. ಅತ್ತೆ ಇದನ್ನು ವರ್ತಮಾನಪತ್ರಕ್ಕೂ ಹಚ್ಚಿದ್ದಳು. ಹುಬ್ಬಳ್ಳಿಯಿಂದ ಮಧ್ಯಾಹ್ನದ ಬಸ್ಸಿಗೆ ದಾಂಡೇಲಿಗೆ ಬರುತ್ತಿದ್ದ ಪೇಪರನ್ನು ಮಾವ ಮೊದಲು ಹೊರಗಿನ ಕಟ್ಟೆಯ ಮೇಲೆ ಕೂತು ಓದಬೇಕು. ನಿಧನ ವಾರ್ತೆ ಇದ್ದರೆ ಯಾರು ಎಂದು ಕೂಗಿ ಹೇಳಬೇಕು. ಅತ್ತೆಗೆ ಗೊತ್ತಿದ್ದವರಾದರೆ, ಅಥವಾ ಗೊತ್ತಿದ್ದವರಿಗೆ ಗೊತ್ತಿದ್ದವರಾದರೆ, ಆಕೆ ಬಚ್ಚಲಿಗೆ ನಡೆಯುತ್ತಿದ್ದಳು. ಮಾವ ಆ ಮೂಲೆಯನ್ನು ಹರಿದು ಪೇಪರನ್ನು ಒಳಗೆ ತರುತ್ತಿದ್ದ.

"ನಿಮ್ಮತ್ತಿ ಪೇಪರಿನಾಗ ಸತ್ತವರಿಗೆಲ್ಲಾ ತಂಗಿ ಆಗಬೇಕು ನೋಡು" ಎಂದು ಮಾವ ನಗುತ್ತಿದ್ದ.

ನಾನೂ ನಗುತ್ತಿದ್ದೆ, ಸ್ವಲ್ಪ ಹೆಚ್ಚಾಗಿಯೇ. ಆಗ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಸಂಶೋಧನೆಗೆ ಕೂತಿದ್ದೆ. ವಿಷಯ ಕೇಳಿದರೆ ನೀವೂ ನಗುತ್ತೀರಿ: ಹತ್ತೊಂಬತ್ತನೆಯ ಶತಮಾನದ ಮುಂಬೈ ಇಲಾಖೆಯ ಪತ್ರಿಕೆಗಳಲ್ಲಿ ಸಾವಿನ ಪ್ರಕಟಣೆಗಳು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹಪ್ಪಳದಂತೆ ಮುರಿಯುವ ಹಳೆಯ ಪುಟಗಳನ್ನು ತಿರುವುತ್ತ, ಕಪ್ಪು ಚೌಕಟ್ಟಿನೊಳಗಿನ ಕಲೆಕ್ಟರರು, ದೊಡ್ಡ ವ್ಯಾಪಾರಿಗಳು, ಮಾಮಲೇದಾರರ ನಡುವೆ ದಿನ ಕಳೆಯುತ್ತಿದ್ದೆ. ಹೆಂಗಸರೂ ಸಾಯುತ್ತಿದ್ದರು, ಆದರೆ ಇಂಥವರ ಪತ್ನಿಯಾಗಿ, ಇಂಥವರ ಮಗಳಾಗಿ. ಪ್ಲೇಗು, ಬರ ಬಂದರಂತೂ ಜನ ಸಾಯುತ್ತಲೇ ಇರಲಿಲ್ಲ, ಬರೀ ಸಂಖ್ಯೆ ಏರುತ್ತಿತ್ತು. ಇದನ್ನು ನಮ್ಮ ಪ್ರೊಫೆಸರರ ಮುಂದೆ ಹೇಳಿದ್ದಕ್ಕೆ ಅವರು ತಂಬಾಕಿನ ಬಾಯಿ ಒರೆಸಿಕೊಂಡು, "ಹೆಸರಿಲ್ಲದವರು ನಮ್ಮ ವಿಷಯ ಅಲ್ಲೋ. ಹೆಸರಿದ್ದವರನ್ನ ಮೊದಲು ಮುಗಿಸು" ಎಂದಿದ್ದರು. ಸಿಟ್ಟು ಬಂತು. ಸಿಟ್ಟು ಬಂದಾಗಲೆಲ್ಲ ಪೆಟ್ಟಿಗೆ ತೆಗೆದುಕೊಂಡು ದಾಂಡೇಲಿಯ ಬಸ್ಸು ಹತ್ತುವುದು ನನ್ನ ಪದ್ಧತಿ. ಸಂಶೋಧನೆ ಮುಗಿಯದೇ ಇದ್ದುದಕ್ಕೆ ಇದೂ ಒಂದು ಕಾರಣ.

ಮಾವ ಕಾಗದದ ಗಿರಣಿಯ ಗೇಟಿನಲ್ಲಿ ಬಿದಿರು ತುಂಬಿದ ಲಾರಿಗಳನ್ನು ತೂಗುವ ಕಾಟಾದ ಮೇಲೆ ಇದ್ದ. ಅವರ ಓಣಿಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಗಿರಣಿಯವರೇ ಹೆಚ್ಚು. ಆ ಓಣಿಗೆ ಪ್ರತಿ ರವಿವಾರ ಸಂತೆಗೆಂದು ಬಿದಿರಿನ ಲಾರಿಯ ಮೇಲೆ ಕೂತು ಬಂದಿಳಿದು, ಕಟ್ಟಿಗೆಯ ಹೊರೆ ಹಾಕಿ ಹೋಗುತ್ತಿದ್ದವಳು ಮೊರ್ಯಾನ್. ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಕ್ರೈಸ್ತಳು. ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಬಿದಿರು ಕಡಿಯುವ ಗ್ಯಾಂಗಿನಲ್ಲಿ ಕೂಲಿ. ಎತ್ತರದ ಆಳು, ಹಿತ್ತಲಿನ ಬಾಗಿಲಿಗೆ ಬಂದು ನಿಂತರೆ ಅಡಿಗೆಮನೆಗೆ ಕತ್ತಲಾಗುತ್ತಿತ್ತು. ಅತ್ತೆಗೂ ಆಕೆಗೂ ಒಂದು ಮುಗಿಯದ ಜಗಳ.

"ಹಸಿ ಕಟ್ಟಿಗಿ ತಂದೀಯಲ್ಲ ಮೊರ್ಯಾನಾ, ನಾ ಒಲಿ ಊದಿ ಊದಿ ಸಾಯಬೇಕೇನು?"

"ಊದ್ರಿ ಅಕ್ಕಾ. ಊದಿದ್ರ ಎದಿ ಗಟ್ಟಿ ಆಕೈತಿ. ಇಲ್ಲಾಂದ್ರ ನಿಮ್ಮ ಎಂ.ಎ. ಅಳಿಯಗ ಊದಾಕ ಹಚ್ಚರಿ, ಖಾಲಿನ ಕುಂತಾನಲ್ಲ."

ಇದನ್ನು ಆಕೆ ಹೀಗೆಯೇ ಹೇಳಿದ್ದಳೋ, ಇಷ್ಟು ವರ್ಷ ನನ್ನ ಬಾಯಲ್ಲಿ ಹೊರಳಿ ಹೀಗಾಗಿದೆಯೋ, ಪ್ರಮಾಣ ಮಾಡಲಾರೆ. ಆದರೆ ಆಕೆ ನಕ್ಕಾಗ ಅತ್ತೆಯೂ ನಗುತ್ತಿದ್ದಳು; ಅದು ಖಂಡಿತ. ಅತ್ತೆ ಆಕೆಗೆ ರೊಟ್ಟಿ ಚಟ್ನಿ ಕೊಡುತ್ತಿದ್ದಳು, ಹಿತ್ತಲಿನ ಮೆಟ್ಟಿಲ ಮೇಲೆಯೇ, ಒಳಗಲ್ಲ. ಅದೂ ಖಂಡಿತ.

ಅರವತ್ತರ ದಶಕ ಮುಗಿಯುತ್ತ ಬಂದ ಒಂದು ವರ್ಷ, ಚಳಿ ಇಳಿದ ದಿನಗಳು; ನಾನು ದಾಂಡೇಲಿಯಲ್ಲೇ ಇದ್ದೆ. ರವಿವಾರ ಮೊರ್ಯಾನ್ ಬರಲಿಲ್ಲ. ಎರಡು ದಿನ ಬಿಟ್ಟು ಮಾವ ಕಟ್ಟೆಯ ಮೇಲೆ ಕೂತು ಪೇಪರ್ ಬಿಚ್ಚಿದ. ಕಪ್ಪು ಚೌಕಟ್ಟಿನಲ್ಲಿ ಒಬ್ಬ ಕಟ್ಟಿಗೆ ವ್ಯಾಪಾರಿಯ ಭಾವಚಿತ್ರವಿತ್ತು, ಅವರ ದಾನಧರ್ಮಗಳ ವಿವರವಿತ್ತು. ಅದರ ಬುಡದಲ್ಲಿ ನಾಲ್ಕು ಸಾಲು: ಜೊಯಿಡಾ ರಸ್ತೆಯಲ್ಲಿ ಬಿದಿರಿನ ಲಾರಿ ಉರುಳಿತು, ಲಾರಿಯ ನಂಬರು ಇಂಥದು, ಮಾಲಕರು ಇಂಥವರು, ಚಾಲಕ ಇಂಥವರು ಸುದೈವದಿಂದ ಪಾರಾದರು, ಲಾರಿ ಜಖಂ ಆಗಿದೆ, ಒಬ್ಬ ಸಿದ್ದಿ ಹೆಂಗಸು ಮೃತಪಟ್ಟಳು.

ಅತ್ತೆ ಒಳಗಿನಿಂದ ಹೊಸಲಿಗೆ ಬಂದು ನಿಂತಳು. "ಯಾರಂತ?"

"ಬರದಿಲ್ಲ."

"ಸರಿಯಾಗಿ ಓದ್ರಿ."

ಮಾವ ಇನ್ನೊಮ್ಮೆ ಓದಿದ. ಲಾರಿಯ ನಂಬರನ್ನೂ ಬಿಡದೆ ಓದಿದ.

"ನಮ್ಮ ಮೊರ್ಯಾನ್ ಏನ್ರಿ?" ಎಂದು ಕೇಳಿದಳು ಅತ್ತೆ. ಆಕೆ ಬಚ್ಚಲಿನ ಕಡೆ ಒಂದೆರಡು ಹೆಜ್ಜೆ ಹೋಗಿ ನಿಂತಳು. "ಹೆಸರ ಬರದಿಲ್ಲಂದ್ರ ನಾ ಯಾರ ಹೆಸರಿಲೆ ನೀರು ಹಾಕ್ಕೊಳ್ಲಿ? ಬದುಕಿದಾಕಿ ಹೆಸರಿಲೆ ಹಾಕ್ಕೊಂಡ್ರ ಆಕಿ ಆಯುಷ್ಯ ಕಡಿಮಿ ಆಗೂದಿಲ್ಲೇನು?"

ಆಗ ನನಗೆ ಇದು ಮೂಢನಂಬಿಕೆಯ ಮಾತಾಗಿ ಕೇಳಿತು. ವಿಶ್ವವಿದ್ಯಾಲಯ ನನಗೆ ಅಷ್ಟನ್ನು ಕಲಿಸಿತ್ತು.

ಮರುದಿನ ಬೆಳಿಗ್ಗೆ ಓಣಿಗೆ ಒಬ್ಬ ಮುದುಕಿ ಬಂದಳು. ಲೂಜಾಬಾಯಿ ಎಂದು ಹೆಸರು, ಮುಂಡಗೋಡ ತಾಲೂಕಿನ ಪಾಳಾದ ಕಡೆಯವಳು, ಆಕೆಯೂ ಸಿದ್ದಿ. ಟಿಬೆಟಿನವರಿಗೆ ಕಾಲೊನಿ ಕಟ್ಟಲೆಂದು ಕಾಡು ಸವರುತ್ತಿದ್ದಲ್ಲಿ ಕೂಲಿಗೆ ಹೋಗಿದ್ದಳು. ಅಲ್ಲಿ ಚಹಾದಂಗಡಿಯವನು ಪೇಪರನ್ನು ಗಟ್ಟಿಯಾಗಿ ಓದಿದ್ದಾನೆ. 'ಒಬ್ಬ ಸಿದ್ದಿ ಹೆಂಗಸು'. ಆಕೆಯ ಮಗಳು ರೋಜಾ ಬಿದಿರಿನ ಗ್ಯಾಂಗಿನಲ್ಲಿದ್ದಳು. ಯಾವ ಕಾಡಿನಲ್ಲಿ ಎಂಬುದು ತಾಯಿಗೆ ಗೊತ್ತಿಲ್ಲ. ಕೈಯಲ್ಲಿದ್ದ ಗುದ್ದಲಿ ಅಲ್ಲೇ ಬಿಟ್ಟು, ಊರಿಗೆ ಹೋಗಿ ಒಂದು ಗಂಟು ಕಟ್ಟಿಕೊಂಡು, ಸಿಕ್ಕ ಬಸ್ಸು ಹತ್ತಿ, ಬಿದಿರು ಎಲ್ಲಿಗೆ ಹೋಗುತ್ತದೋ ಅಲ್ಲಿ ಕೇಳಿದರೆ ಗೊತ್ತಾದೀತೆಂದು ಗಿರಣಿಯ ಗೇಟಿಗೆ ಬಂದಿದ್ದಳು. ಗೇಟಿನವರು ಕಾಟಾದ ಮಾವನ ಮನೆ ತೋರಿಸಿದ್ದರು. ಪೊಲೀಸರಲ್ಲಿಗೂ ಹೋಗಿಬಂದಿದ್ದಳಂತೆ, ಅವರಿಗೂ ಹೆಸರು ಗೊತ್ತಿರಲಿಲ್ಲ, ಹೆಣ ಆಗಲೇ ಮಣ್ಣಾಗಿತ್ತು.

"ಎತ್ತರಕ್ಕ ಇದ್ಲಂತ್ರಿ" ಎಂದಳು. "ನಮ್ಮ ರೋಜಾನೂ ಎತ್ತರ ಅದಾಳ. ನಾವೆಲ್ಲಾರೂ ಎತ್ತರನ ರೀ."

ಅತ್ತೆ ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ಇಬ್ಬರೂ ಒಂದೇ ಸಾವಿನ ಎದುರಿಗೆ ನಿಂತಿದ್ದರು. ರೋಜಾ ಅಲ್ಲದಿದ್ದರೆ ಮೊರ್ಯಾನ್. ಮೊರ್ಯಾನ್ ಅಲ್ಲದಿದ್ದರೆ ರೋಜಾ. ಒಬ್ಬಳು ದೇವರನ್ನು ಏನು ಬೇಡಿಕೊಂಡರೂ ಅದು ಇನ್ನೊಬ್ಬಳಿಗೆ ಶಾಪ. ಒಂದೇ ಒಂದು ಹೆಸರು, ಮೂರೋ ನಾಲ್ಕೋ ಅಕ್ಷರ ಅಚ್ಚು ಹಾಕಿದ್ದರೆ ಸಾಕಿತ್ತು. ಆ ಸಾಲಿನಲ್ಲಿ ಜಾಗವೂ ಇತ್ತು. ಇವತ್ತಿಗೂ ನನ್ನ ಕಣ್ಣಿಗೆ ಆ ಖಾಲಿ ಜಾಗ ಕಾಣುತ್ತದೆ.

ಲಾರಿಯ ನಂಬರಿನಿಂದಲೇ ದಾರಿ ಸಿಕ್ಕಿತು. "ಈ ಲಾರಿ ಯಾವ ಕ್ಯಾಂಪಿಂದು ಅಂತ ನನಗ ಗೊತ್ತೈತಿ" ಎಂದ ಮಾವ, ಅದೇ ಕಡೆಗೆ ಖಾಲಿ ಹೊರಟಿದ್ದ ಇನ್ನೊಂದು ಲಾರಿಗೆ ನನ್ನನ್ನೂ ಲೂಜಾಬಾಯಿಯನ್ನೂ ಹತ್ತಿಸಿದ. ದಾರಿಯುದ್ದಕ್ಕೂ ನಾನು ಭಾಷಣ ಬಿಗಿದೆ. ಸತ್ತವಳು ಕಡಿದ ಬಿದಿರೇ ಕಾಗದವಾಗಿ, ಆ ಕಾಗದದ ಮೇಲೆ ಅವಳ ಹೆಸರಿಗೇ ಜಾಗವಿಲ್ಲ ಎಂದೆಲ್ಲ. (ನಮ್ಮ ಗಿರಣಿಯಲ್ಲಿ ವರ್ತಮಾನಪತ್ರದ ಕಾಗದ ತಯಾರಾಗುವುದೇ ಇಲ್ಲವೆಂದು ಆಮೇಲೆ ಮಾವ ಹೇಳಿ ನನ್ನ ಒಳ್ಳೆಯ ಮಾತೊಂದನ್ನು ಕೆಡಿಸಿದ.) ಲೂಜಾಬಾಯಿ ಕೇಳಿಸಿಕೊಳ್ಳುತ್ತಿರಲಿಲ್ಲ. ತೊಡೆಯ ಮೇಲೊಂದು ಗಂಟು ಇಟ್ಟುಕೊಂಡು ಕೂತಿದ್ದಳು. ಅದರೊಳಗೆ ಮೇಣಬತ್ತಿ ಇದ್ದವು, ಒಂದು ಹೊಸ ಬಿಳಿ ಬಟ್ಟೆ ಇತ್ತು.

ಕ್ಯಾಂಪೆಂದರೆ ಬಿದಿರಿನ ತಟ್ಟಿಯ ಕೆಲವು ಗುಡಿಸಲು. ಲಾರಿ ನಿಂತಾಗ ಹೊಳೆಯ ಕಡೆಯಿಂದ ಕೊಡ ಹೊತ್ತು ಬರುತ್ತಿದ್ದ ಎತ್ತರದ ಹುಡುಗಿಯೊಬ್ಬಳು "ಆಯೇ!" ಎಂದು ಕೂಗಿದಳು. ಲೂಜಾಬಾಯಿ ಲಾರಿಯಿಂದ ಇಳಿದಳೋ ಬಿದ್ದಳೋ ತಿಳಿಯಲಿಲ್ಲ. ಓಡಿಹೋಗಿ ಮಗಳ ಬೆನ್ನಿಗೆ ದಬದಬ ಗುದ್ದಿದಳು. ಕೊಡ ಉರುಳಿ ನೀರೆಲ್ಲ ಇಬ್ಬರ ಮೈಮೇಲೂ ಹೋಯಿತು. ಹೊಡೆಯುತ್ತ ನಗುತ್ತಿದ್ದಳು, ಕೊಂಕಣಿಯಲ್ಲಿ ಬೈಯುತ್ತಿದ್ದಳು. ಸುತ್ತಲಿನ ಹೆಂಗಸರೂ ನಕ್ಕರು.

ಆಮೇಲೆ ಯಾರೋ ಹೇಳಿದರು, ಸತ್ತವಳು ಮೊರ್ಯಾನ್ ಎಂದು. ಸಂತೆಗೆಂದು ಲಾರಿ ಹತ್ತಿದ್ದಳು, ಕಟ್ಟಿಗೆಯ ಹೊರೆಯ ಸಮೇತ.

ಲೂಜಾಬಾಯಿಗೆ ಮೊರ್ಯಾನಳ ಗುರುತೇ ಇರಲಿಲ್ಲ. ಹೊರಡುವ ಲಾರಿ ಹಾರ್ನು ಹೊಡೆಯುತ್ತಿತ್ತು. ನಾನು, "ಬರ್ರಿ ಅವ್ವಾ, ಮಗಳು ಸಿಕ್ಕಳಲ್ಲ, ಹೋಗೂಣು" ಎಂದೆ. ಆಕೆ ಮೊರ್ಯಾನಳ ಗುಡಿಸಲು ಯಾವುದೆಂದು ಕೇಳಿ, ಅದರ ಮುಂದೆ ಹೋಗಿ ಕೂತು ಗಂಟು ಬಿಚ್ಚಿದಳು. ಬಿಳಿ ಬಟ್ಟೆ ಹಾಸಿದಳು. ಮೇಣಬತ್ತಿ ಹಚ್ಚಿದಳು. ನನ್ನ ಕಡೆ ತಿರುಗಿ, "ಅಳೂದು ಊರಿಂದ ತಂದೀನಪ್ಪಾ. ಹೊಳ್ಳಿ ಒಯ್ದು ಎಲ್ಲಿಡ್ಲಿ?" ಎಂದಳು. ಆಮೇಲೆ ಮೊರ್ಯಾನಳ ಹೆಸರು ಹಿಡಿದು, ಸ್ವಂತ ಮಗಳನ್ನು ಕರೆದಂತೆ ಕರೆದು ಅತ್ತಳು. ಆಗಷ್ಟೇ ನಕ್ಕಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು.

ಅಳುವಿನ ಆ ಮಾತನ್ನು ಆಕೆ ನನಗೆ ಕನ್ನಡದಲ್ಲೇ ಹೇಳಿದಳೋ, ಕೊಂಕಣಿಯಲ್ಲಿ ಹೇಳಿದ್ದನ್ನು ನಾನು ಹೀಗೆ ತಿಳಿದುಕೊಂಡೆನೋ? ಗೊತ್ತಿಲ್ಲ. ಇಷ್ಟು ಚೆಂದದ ಮಾತುಗಳನ್ನು ನನ್ನ ನೆನಪು ನನ್ನ ಬೆನ್ನ ಹಿಂದೆ ತಿದ್ದಿರಬಹುದೆಂದು ನನಗೆ ಯಾವಾಗಲೂ ಅನುಮಾನ. ಈ ಕತೆಯನ್ನು ಹೇಳಿದಾಗಲೆಲ್ಲ ಕೇಳಿದವರು "ಎಂಥ ಮನಸ್ಸು ನೋಡ್ರಿ ಬಡವರದು" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ. ಆ ಮನಸ್ಸು ಆಕೆಯದು, ಅದಕ್ಕೆ ಪೇಪರಿನವರ ಹಂಗಿಲ್ಲ. ಆದರೆ ಒಬ್ಬ ತಾಯಿ ಬದುಕಿದ ಮಗಳ ಹೆಣಕ್ಕೆ ಬಟ್ಟೆ ಕಟ್ಟಿಕೊಂಡು ಮುಂಡಗೋಡದಿಂದ ಜೊಯಿಡಾದ ತನಕ ಬಂದಳಲ್ಲ, ಆ ದಾರಿಯನ್ನು ಆಕೆಯ ಒಳ್ಳೆಯತನದಿಂದ ಮುಚ್ಚಲು ನಾನು ಬಿಡುವುದಿಲ್ಲ.

ಮರಳಿ ಬಂದು ಅತ್ತೆಗೆ ಹೆಸರು ಹೇಳಿದೆ. ಆಕೆ ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರಿನ ಸದ್ದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಮಾವ ಆ ಪೇಪರನ್ನು ಹಿಡಿದು, "ಮೂಲಿ ಹರೀಲೇನು?" ಎಂದು ಕೇಳಿದ.

"ಬ್ಯಾಡ್ರಿ" ಎಂದಳು ಅತ್ತೆ. "ಅದರಾಗ ಆಕಿ ಸುದ್ದಿ ಎಲ್ಲೈತಿ? ಅದು ಲಾರಿ ಸುದ್ದಿ. ಲಾರಿಗೆ ಯಾರೂ ಮೂಲಿ ಹರಿಯೂದಿಲ್ಲ."

ನಾನು ಅದೇ ಪೇಪರನ್ನು ಮಡಚಿಕೊಂಡು ಮರುದಿನ ಹಳಿಯಾಳಕ್ಕೆ ಹೋದೆ. ಪತ್ರಿಕೆಯ ಬಾತಮೀದಾರ ಅಲ್ಲಿ ಒಂದು ಅರಿವೆ ಅಂಗಡಿ ಇಟ್ಟಿದ್ದ. ಕೆಟ್ಟವನಲ್ಲ; ಕೂರಿಸಿ ಚಹಾ ತರಿಸಿದ. ಅದು ಇನ್ನೂ ಸಿಟ್ಟು ಬರಿಸಿತು.

"ಹೆಸರು ಯಾಕ ಬರೀಲಿಲ್ಲ?"

"ಯಾರಿಗೂ ಗೊತ್ತಿರಲಿಲ್ರಿ."

"ಕೇಳಿದ್ರೇನು?"

"ಯಾರನ್ನ ಕೇಳೂದ್ರಿ ಸಾಹೇಬ್ರ, ಆ ಅಡವ್ಯಾಗ?"

"ಲಾರಿ ನಂಬರ್ ಹೆಂಗ ಗೊತ್ತಾತು?"

ಅವನು ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದ. "ಅದು ಲಾರಿ ಮ್ಯಾಲ ಬರದಿರ್ತೈತಲ್ರಿ."

ತಿದ್ದುಪಡಿ ಹಾಕುತ್ತೇನೆಂದ. ಹಾಕಲಿಲ್ಲ. ನಾನು ಸಂಪಾದಕರಿಗೂ ಬರೆದೆ, ಉತ್ತರ ಬರಲಿಲ್ಲ. ಪ್ರೊಫೆಸರರಿಗೆ ಹೇಳಿದೆ, ಅವರು "ನಿನ್ನ ಕಾಲಖಂಡ ಯಾವುದೋ?" ಎಂದರು. ಕಾಲಖಂಡ! ನೂರು ವರ್ಷದ ಹಿಂದಿನ ಪುಟಕ್ಕೂ ಹೋದ ವಾರದ ಪುಟಕ್ಕೂ ಕಾಗದದ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸ ನನಗೆ ಕಾಣಲಿಲ್ಲ. ಆ ಪ್ರಬಂಧವನ್ನು ಅಲ್ಲಿಗೇ ಬಿಟ್ಟೆ.

ಮಾವ, ಅತ್ತೆ ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಅವರ ಸುದ್ದಿ ನನಗೆ ಫೋನಿನಲ್ಲಿ ಬಂತು. ಫೋನಿಗೆ ಮೂಲೆಯೇ ಇಲ್ಲ.

ಬೆಳಿಗ್ಗೆ ಹೆಂಡತಿ ಒಳಗೆ ಹೋದ ಮೇಲೆ ಬಸಿಯ ಕೆಳಗಿನ ಆ ಹರಿದ ಚೂರನ್ನು ತಿರುವಿ ನೋಡಿದೆ. ಹಿಂದುಗಡೆ ನಾಲ್ಕು ಸಾಲಿನ ಸುದ್ದಿ: ಕಟ್ಟುತ್ತಿರುವ ಕಟ್ಟಡದ ಮೇಲಿನಿಂದ ಬಿದ್ದು ಹೊರರಾಜ್ಯದ ಒಬ್ಬ ಕಾರ್ಮಿಕ ಸಾವು. ಕಟ್ಟಡದ ಹೆಸರು ಪೂರ್ತಿಯಾಗಿ ಇತ್ತು.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಸಿದರು. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು, ಮಾತು ಮೆತ್ತಗಿತ್ತು.

"ಸತ್ತವರ ಹೆಸರು ಬೇಕಿತ್ತಮ್ಮಾ" ಎಂದೆ.

"ನಮಗೂ ಗೊತ್ತಿಲ್ಲ ಸರ್. ವಿಚಾರಿಸಬೇಕು. ನೀವು ಅವರಿಗೆ ಏನಾಗಬೇಕು?"

ಈ ವಯಸ್ಸಿನವರೆಗೂ ನಾನು ಯಾರ ಸಾವಿಗೂ ತಲೆಯ ಮೇಲೆ ನೀರು ಹಾಕಿಕೊಂಡವನಲ್ಲ. ಅಪ್ಪ ತೀರಿಕೊಂಡಾಗಲೂ ಹಾಕಿಕೊಳ್ಳುವುದಿಲ್ಲವೆಂದು ವಾದ ಮಾಡಿದವನು. ಬಾಯಿಗೆ ಬಂದ ಮಾತು ಕೇಳಿ ನನಗೇ ಆಶ್ಚರ್ಯವಾಯಿತು.

"ಏನೂ ಆಗಬೇಕಿಲ್ಲವಮ್ಮಾ" ಎಂದೆ. "ಸ್ನಾನ ಮಾಡಬೇಕಾಗಿದೆ. ವಿಚಾರಿಸಿ ಹೇಳು, ಕಾಯ್ತೇನೆ."