ಎರಡು ವಹಿಯ ಪದ

ಬೆಳ್ಳಟ್ಟಿಯ ಮಸೀದಿ ಕಟ್ಟೆಯ ಮೇಲೆ ಆ ಮಧ್ಯಾಹ್ನ ನಮ್ಮ ಮೊಹರಂ ಮೇಳವೆಲ್ಲ ಕೂಡಿತ್ತು. ಹೊಲದಿಂದ ಬಂದವರು, ನಮಾಜು ಮುಗಿಸಿ ಬಂದವರು, ಹಾಡುವವರು ಹನ್ನೆರಡು ಮಂದಿ. ಹಲಗೆ ಬಾರಿಸುವ ಕಾಕಾ ಬೇರೆ. ನಡುವೆ ಮೇಳದ ಹಿರಿಯರು, ದರ್ಜಿ ಚಾಚಾ. ಹಿಂದಿನ ವರ್ಷ ಸವಾಲು-ಜವಾಬಿನ ಪದಗಳಲ್ಲಿ ಡೋಣಿ ಊರಿನ ಮೇಳದವರೆದುರು ಸೋತಿದ್ದೆವು. "ಈ ಸಲಾನೂ ಸೋತ್ರ ನಾ ಗೆಜ್ಜಿ ಬಿಚ್ಚಿಡ್ತೇನಿ" ಅಂದಿದ್ದರು ಚಾಚಾ. ಅಂದದ್ದನ್ನು ಮಾಡುವ ಮನುಷ್ಯ.

ಪದ ಎತ್ತಿದೆವು. ಎರಡನೆಯ ನುಡಿಗೇ ದನಿಗಳು ಡಿಕ್ಕಿ ಹೊಡೆದವು. ಚಾಚಾನ ಕಡೆಯ ಆರು ಮಂದಿ ಕರ್ಬಲಾದಲ್ಲಿ ಬಾಯಾರಿದ ಕೂಸನ್ನು ಹಾಡುತ್ತಿದ್ದರೆ, ನನ್ನ ಕಡೆಯ ಆರು ಮಂದಿ ನೀರಿನ ಚೀಲ ಹೊತ್ತು ಹೊಳೆಗೆ ಹೊರಟ ಅದೇ ಕೂಸಿನ ಚಿಕ್ಕಪ್ಪನನ್ನು ಹಾಡುತ್ತಿದ್ದರು!

ಆದದ್ದಿಷ್ಟು. ನಾವು ಆರು ಮಂದಿ ಶಿರಹಟ್ಟಿಗೆ ದುಡಿಯಲು ಹೋಗುವಾಗ ನಾನು ಚಾಚಾ ಪದ ಬರೆದಿಟ್ಟ ವಹಿಯನ್ನು ನಕಲು ಮಾಡಿಕೊಂಡು ಒಯ್ದಿದ್ದೆ. ಕುಂಟುವ ನುಡಿಗಳನ್ನು ನಾನು ಅಲ್ಲಿ ತಿದ್ದಿದೆ, ಅವರು ಇಲ್ಲಿ ತಿದ್ದಿದರು. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ.

"ಲೇ, ನನ್ನ ಪದಕ್ಕ ಕತ್ತರಿ ಹಾಕಿಯೇನು?"

"ಕತ್ತರಿ ನಿಮ್ಮ ಕೈಯಾಗ ಐತ್ರಿ ಚಾಚಾ. ನನ್ನ ಕೈಯಾಗ ಬರೇ ಪೆನ್ಸಿಲ್."

"ಹಂಗಾರ ನಾನೂ ಎರಡು ಹಲಗಿ ತರ್ತೇನ್ರಿ" ಎಂದು ಕಾಕಾ ನಕ್ಕ. "ಇಲ್ಲಾ, ಒಂದು ವಹಿ ಹರದು ಒಗೀರಿ."

"ಒಗಿಯೂದು ಸುಲಭ ಐತಿ, ಸುಮ್ನಿರು" ಎಂದ ಚಾಚಾ ಎರಡೂ ವಹಿಗಳ ಹೊಲಿಗೆ ಬಿಚ್ಚಿ, ಹಾಳೆಗೆ ಹಾಳೆ ಜೋಡಿಸಿಟ್ಟರು. ಒಂದೇ ಇದ್ದ ನುಡಿಗಳ ಸುದ್ದಿಗೆ ಹೋಗಲಿಲ್ಲ. ಬೇರೆ ಇದ್ದಲ್ಲಿ ಎರಡನ್ನೂ ಗೆಜ್ಜೆ ಕಟ್ಟಿಸಿ, ಕುಣಿಸಿ ಹಾಡಿಸಿದರು. ಹೆಜ್ಜೆ ತಪ್ಪಿದ ನುಡಿ ಹೊರಗೆ. ನನ್ನವು ಮೂರು ಹೋದವು, ಅವರವು ಎರಡು. ಕೂಸಿನದೂ ಚಿಕ್ಕಪ್ಪನದೂ ಮಾತ್ರ ತಪ್ಪಲೇ ಇಲ್ಲ.

ಚಾಚಾ ಎರಡನ್ನೂ ಮತ್ತೆ ಓದಿದರು. ಕಣ್ಣು ಅಗಲವಾದವು. "ಕೂಸು ನೀರು ಕೇಳತೈತಿ. ಚಿಕ್ಕಪ್ಪ ನೀರಿಗೆ ಹೊಂಟಾನ. ಇವು ಜಗಳ ಅಲ್ಲೋ ತಮ್ಮಾ, ಸವಾಲು-ಜವಾಬ!"

ಎರಡೂ ವಹಿಯ ಹಾಳೆಗಳನ್ನು ಸೇರಿಸಿ, ತಮ್ಮ ಅಂಗಡಿಯ ಹೊಲಿಗೆ ಮಷೀನಿನಲ್ಲಿ ಒಂದೇ ವಹಿ ಹೊಲಿದರು. "ಇನ್ನ ತಿದ್ದೂದಿದ್ರ ಇಲ್ಲೇ ಬಂದು, ಎಲ್ಲಾರ ಮುಂದ ಹಾಡಿ ತಿದ್ದರಿ" ಎಂದರು.

ಮೊಹರಂನ ಕಡೆಯ ದಿನ ಡೋಣಿಯವರೆದುರು ಚಾಚಾನ ಕಡೆಯವರು ಕೂಸಿನ ನುಡಿಯನ್ನು ಸವಾಲಾಗಿ ಹಾಕಿದರು. ಅವರಿಂದ ಜವಾಬು ಬರಲಿಲ್ಲ. ಸವಾಲು ಹಾಕಿದವರಿಗೆ ಜವಾಬೂ ಗೊತ್ತಿರಬೇಕೆಂಬುದು ರೂಢಿ. ಎದುರು ಸಾಲಿನಿಂದ ನಾವು ಆರು ಮಂದಿ ಚಿಕ್ಕಪ್ಪನನ್ನು ಎತ್ತಿಕೊಂಡೆವು. ಡೋಣಿಯ ಹಲಗೆ ನಿಂತೇಬಿಟ್ಟಿತು! ಬೆಳ್ಳಟ್ಟಿಯ ಜನ ಚಾಚಾನನ್ನು ಗೆಜ್ಜೆ ಸಮೇತ ಹೆಗಲಿಗೇರಿಸಿಕೊಂಡರು.

ಮುಂದೆ ಎಂಟು ದಿನಕ್ಕೆ ಡೋಣಿ ಮೇಳದ ಹಿರಿಯರು ಬಸ್ಸಿಳಿದು ಚಾಚಾನ ಅಂಗಡಿಗೆ ಬಂದರು. ಕಂಕುಳಲ್ಲಿ ತಮ್ಮ ಮೇಳದವೇ, ಒಂದಕ್ಕೊಂದು ಹೊಂದದ ಎರಡು ವಹಿಗಳಿದ್ದವು. ಚಾಚಾ ಸ್ಟೂಲು ಸರಿಸಿ, "ಕುಂಡ್ರಿ" ಎಂದರು.